ಖೋಲಿ ನೋಡುವ ಕಾಕಾ

ಮನರಂಜನಾ ಉದ್ಯಾನ, ಅಂದರೆ ಟಿಕೆಟು ಕೊಂಡು ಒಳಹೊಕ್ಕು ದಿನವಿಡೀ ತಿರುಗುವ, ತೂಗುವ, ತಲೆಕೆಳಗಾಗಿಸುವ ಯಂತ್ರಗಳಲ್ಲಿಯೂ ಕೃತಕ ಅಲೆಗಳ ಕೊಳದಲ್ಲಿಯೂ ಕಾಲ ಕಳೆಯುವ ಸ್ಥಳ, ಎಲ್ಲಿ ತಲೆಯೆತ್ತುತ್ತದೆಯೋ ಅಲ್ಲಿ ಕುಟುಂಬ ಸಮೇತ ತಂಗಲು ಯೋಗ್ಯವೆಂದು ಹೇಳಿಕೊಳ್ಳುವ ವಸತಿಗೃಹಗಳು ಹುಟ್ಟಿಕೊಳ್ಳುವುದು ಸಹಜ. ಅವುಗಳನ್ನು ಕಟ್ಟಿಸಿದವರು ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವರ ನಡುವೆ ಹಿಡಿಸುವಷ್ಟು ಚಿಕ್ಕವರಾದ ಇಬ್ಬರು ಮಕ್ಕಳು ಎಂದು ನಂಬಿ ಕಟ್ಟಿಸಿರುವುದೂ ಅಷ್ಟೇ ಸಹಜ. ಈ ನಂಬಿಕೆಯನ್ನು ಕೌಂಟರಿನ ಮುಂದೆ ನಿಂತು ಬುಡಸಹಿತ ಅಲುಗಾಡಿಸುವ ಒಬ್ಬ ವ್ಯಕ್ತಿ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಪ್ರತಿಯೊಂದು ದೊಡ್ಡ ಮನೆತನದಲ್ಲಿಯೂ ಇರುತ್ತಾನೆ. ಆತನ ಮೇಲೆ ಈವರೆಗೆ ವ್ಯವಸ್ಥಿತ ಅಧ್ಯಯನ ನಡೆದಂತೆ ಕಾಣದಿರುವುದರಿಂದ, ಆತನನ್ನು ‘ಖೋಲಿ ನೋಡುವ ಕಾಕಾ’ ಎಂದು ಹೆಸರಿಸಿ ಆತನ ಲಕ್ಷಣ, ಉಗಮ ಮತ್ತು ಉಪದ್ರವಗಳನ್ನು ಇಲ್ಲಿ ವಿವರಿಸಲಾಗುತ್ತದೆ.

ಖೋಲಿ ಎಂದರೆ ಕೋಣೆ, ಕಾಕಾ ಎಂದರೆ ತಂದೆಯ ತಮ್ಮ. ಆದರೆ ಈ ಪದವಿ ರಕ್ತಸಂಬಂಧದಿಂದ ಮಾತ್ರ ಬರುವಂಥದಲ್ಲ, ಪ್ರವಾಸದ ರೊಕ್ಕ ಯಾರ ಒಳಗಿಸೆಯಲ್ಲಿ ಇರುತ್ತದೆಯೋ ಅವರಿಗೆ ಅದು ತಾನಾಗಿ ಪ್ರಾಪ್ತವಾಗುತ್ತದೆ. ಈತನ ವಯಸ್ಸು ಐವತ್ತೈದಕ್ಕೂ ಎಪ್ಪತ್ತಕ್ಕೂ ನಡುವೆ. ಉಡುಪು ಬಿಳಿಯ ಧೋತರ, ಬಿಳಿಯ ಅಂಗಿ, ಪ್ರವಾಸಕ್ಕೆಂದೇ ಇಸ್ತ್ರಿ ಮಾಡಿಸಿದ ಗಾಂಧಿ ಟೊಪ್ಪಿಗೆ. ಸ್ವಭಾವತಃ ಉದಾರಿ, ಮದುವೆಯ ಆಹೇರಿಗೆ ಕೈ ಬಿಗಿ ಹಿಡಿಯದವನು, ಕಣದಲ್ಲಿ ಬಂದವರಿಗೆಲ್ಲ ಮೊರ ತುಂಬ ಜೋಳ ನೀಡುವವನು. ವಸತಿಗೃಹದ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಮಾತ್ರ ಈತನೊಳಗಿನ ಬೇರೊಬ್ಬ ಮನುಷ್ಯ ಎದ್ದು ಕೂಡುತ್ತಾನೆ. ಆ ಮನುಷ್ಯ ಖೋಲಿಯನ್ನು ನೋಡದೆ ಹಿಡಿಯುವುದಿಲ್ಲ, ನೋಡಿದ ಮೇಲಂತೂ ಹಿಡಿಯುವುದೇ ಇಲ್ಲ. ಈ ಅಧ್ಯಯನಕ್ಕೆ ಆಧಾರವಾದ ಮಾದರಿ ಒಂದೇ ಒಂದಾಗಿರುವುದು ಶಾಸ್ತ್ರದೃಷ್ಟಿಯಿಂದ ದೋಷವೆಂದು ಕೆಲವರಿಗೆ ತೋರಬಹುದು. ಆದರೆ ಆ ಮಾದರಿಯ ತೊಡೆಗೆ ತೊಡೆ ತಾಗಿಸಿಕೊಂಡು ರಾತ್ರಿಯಿಡೀ ಕ್ರೂಸರ್ ಗಾಡಿಯಲ್ಲಿ ಕುಳಿತವರಿಗೆ ಎರಡನೆಯ ಮಾದರಿಯ ಅಗತ್ಯ ಕಂಡುಬರುವುದಿಲ್ಲ.

ಈತನ ಉಗಮವನ್ನು ಸವದತ್ತಿಯಲ್ಲಿಯೇ ಹುಡುಕಬೇಕು. ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿರುವ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ ಮತ್ತು ಭರತ ಹುಣ್ಣಿಮೆಗಳಂದು, ಅಂದರೆ ಪುಷ್ಯ ಹಾಗೂ ಮಾಘ ಮಾಸದ ಹುಣ್ಣಿಮೆಗಳಂದು, ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ‘ಉಧೋ ಉಧೋ’ ಎನ್ನುತ್ತ ಬಂದು ಸೇರುತ್ತಾರೆ. ಇವರಲ್ಲಿ ಬಹುಪಾಲು ಜನ ಖೋಲಿ ಕೇಳುವವರೇ ಅಲ್ಲ. ಚಕ್ಕಡಿಯ ಕೊಳ್ಳು ಹರಿದಲ್ಲಿ ಅವರ ಮನೆ, ಮೂರು ಕಲ್ಲು ಕೂಡಿಸಿದಲ್ಲಿ ಅವರ ಒಲೆ. ಹೋಳಿಗೆ, ಕಡಬು, ವಡೆ, ಪಲ್ಯ ಮಾಡಿ ಬುಟ್ಟಿಯಲ್ಲಿ ಇಟ್ಟು ದೇವಿಗೆ ಎಡೆ ತೋರಿಸುವ, ಪಡ್ಡಲಗಿ ತುಂಬಿಸುವುದೆಂಬ ವಾಡಿಕೆ ಮುಗಿದ ಮೇಲೆ ಅಲ್ಲಿಯೇ ತಾಡಪತ್ರಿಯ ಕೆಳಗೆ ಅಜ್ಜಿ, ಸೊಸೆ, ಮೊಮ್ಮಕ್ಕಳು, ಪಕ್ಕದ ಗಾಡಿಯಿಂದ ಉರುಳಿ ಬಂದ ಅಪರಿಚಿತ ಹುಡುಗ ಎಲ್ಲರೂ ಒಂದೇ ಸಾಲಿನಲ್ಲಿ ನಿದ್ದೆ ಹೋಗುತ್ತಾರೆ. ಕಾಕಾನ ಬಾಲ್ಯ ಈ ತಾಡಪತ್ರಿಯ ಕೆಳಗೆ ಕಳೆದಿದೆ. ರಾತ್ರಿಗೆ ಬಾಡಿಗೆಯೊಂದು ಇರುತ್ತದೆ, ಅದನ್ನು ತಲೆಯೆಣಿಸಿ ವಸೂಲು ಮಾಡಬಹುದು ಎಂಬ ವಿಚಾರ ಈತನಿಗೆ ಮೀಸೆ ಬಂದ ಮೇಲೆ ತಿಳಿದದ್ದು, ಇಂದಿಗೂ ಪೂರ್ಣವಾಗಿ ಒಪ್ಪಿಗೆಯಾಗದ್ದು. ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರಕಾರ 2024ರಲ್ಲಿ 100 ಕೋಟಿ ರೂಪಾಯಿಯ ಯೋಜನೆಗೆ ಮಂಜೂರಾತಿ ನೀಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಕಾಕಾ ಸಂತೋಷಪಟ್ಟದ್ದು ನಿಜ. ಆದರೆ ಆತನ ಮೊದಲ ಪ್ರಶ್ನೆ, ‘ಹಂಗಾರ ಗಾಡಿ ಎಲ್ಲಿ ಬಿಡೂದು?’ ಎಂಬುದಾಗಿತ್ತು.

ಇಂಥ ಮನುಷ್ಯನನ್ನು ಬೆಂಗಳೂರಿನ ಆಚೆಯ ಬಿಡದಿಯವರೆಗೆ ಎಳೆದು ತರುವ ಶಕ್ತಿ ಮೊಮ್ಮಕ್ಕಳಿಗೆ ಮಾತ್ರ ಇದೆ. ಮೈಸೂರು ರಸ್ತೆಯ ಬಿಡದಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನ ಇಂದು ಬೆಳಗಾವಿ, ಧಾರವಾಡ ಜಿಲ್ಲೆಗಳ ಶಾಲೆಯ ಹುಡುಗರ ಮಟ್ಟಿಗೆ ಒಂದು ಕ್ಷೇತ್ರವೇ ಆಗಿದೆ. ತರಗತಿಯಲ್ಲಿ ಒಬ್ಬ ಹೋಗಿಬಂದರೆ ಉಳಿದವರ ಮನೆಗಳಲ್ಲಿ ದಸರೆಯ ರಜೆ ಬರುವವರೆಗೆ ನೆಮ್ಮದಿ ಇರುವುದಿಲ್ಲ. ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಸುವ ವಿ-ಗಾರ್ಡ್ ಸಂಸ್ಥೆಯ ಸ್ಥಾಪಕ ಕೊಚೌಸೇಫ್ ಚಿಟ್ಟಿಲಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ಇಂಥದೇ ಉದ್ಯಾನವನ್ನು ಮೊದಲು ತೆರೆದು, ಅನಂತರ ಬಿಡದಿಗೆ ಬಂದವರು. ಕಾಕಾನ ಮನೆಯ ಪಂಪ್‌ಸೆಟ್ಟಿನ ಪಕ್ಕದಲ್ಲಿ ಇದೇ ಹೆಸರಿನ ಡಬ್ಬಿ ಬಹಳ ವರ್ಷಗಳಿಂದ ಗೊಂಯ್‌ಗುಡುತ್ತಿರುವುದರಿಂದ ಈ ಸಂಗತಿ ಆತನಿಗೆ ಸ್ವಲ್ಪ ಧೈರ್ಯ ಕೊಟ್ಟಿತು. ಉದ್ಯಾನದ ವಿಸ್ತಾರ 82 ಎಕರೆ ಎಂದು ಕೇಳಿದಾಗ ಮಾತ್ರ ಆತನ ಮುಖ ಕಪ್ಪಿಟ್ಟಿತು: ‘ಎಂಬತ್ತೆರಡ ಎಕರೆದಾಗ ಒಂದ ಕಾಳ ಬೆಳದಿಲ್ಲ ಅಂದ್ರ ಅದೆಂಥಾ ಭೂಮಿ ಇದ್ದೀತೋ.’

ಸವದತ್ತಿಗೆ ರೈಲು ಇಲ್ಲ. ಧಾರವಾಡಕ್ಕೆ ಹೋಗಿ ರೈಲು ಹತ್ತಬಹುದು, ಬಸ್ಸಿನಲ್ಲಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಕಾರಣ ಹೆಂಗಸರಿಗೆ ಟಿಕೆಟೇ ಬೇಕಾಗಿಲ್ಲ ಎಂದು ಮನೆಯ ಸೊಸೆಯಂದಿರು ಸೂಚಿಸಿದಾಗ, ‘ಬಸ್ಸ ಪುಕ್ಕಟ, ಖರೆ. ಗಂಟು ಹೊರಾವ್ರು ಯಾರು?’ ಎಂಬ ಒಂದೇ ಪ್ರಶ್ನೆಯಿಂದ ಕಾಕಾ ಚರ್ಚೆಯನ್ನು ಮುಗಿಸಿದನು. ಗಂಟುಗಳ ವಿಷಯದಲ್ಲಿ ಆತನ ಮಾತು ಸುಳ್ಳಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳ ಡಬ್ಬಿಗಳು, ನಾಲ್ಕು ಜಮಖಾನೆ, ಆರು ಚಾದರ, ಬಟ್ಟೆ ಒಣಹಾಕಲು ಹಗ್ಗ, ಬ್ಯಾಟರಿ, ಮನೆಯಿಂದಲೇ ತಂದ ಹಿತ್ತಾಳೆಯ ಕೀಲಿ. ಕೊನೆಯದು ಏಕೆಂದರೆ ಲಾಡ್ಜಿನವರು ಕೊಡುವ ಕೀಲಿಗೆ ಇನ್ನೊಂದು ಕೀಲಿಕೈ ಅವರ ಹತ್ತಿರವೇ ಇರುತ್ತದೆಂಬುದು ಆತನ ದೃಢವಾದ ನಂಬಿಕೆ, ಮತ್ತು ಅದು ವಾಸ್ತವವೂ ಹೌದು.

ಈ ಯಾತ್ರೆಯ ಸಿದ್ಧತೆಯನ್ನೆಲ್ಲ ಅಣ್ಣನ ಮಗನೊಬ್ಬ ಮಾಡಿದ್ದನು. ಆ ಅಣ್ಣನ ಮಗ ಯಾರು ಎಂಬುದು ಪ್ರಸ್ತುತ ಅಧ್ಯಯನಕ್ಕೆ ಅನಗತ್ಯ. ಆತ ನಗರದಲ್ಲಿ ನೌಕರಿ ಮಾಡುವವನು, ಅಲ್ಪಸ್ವಲ್ಪ ಬರೆಯುವ ಚಟವುಳ್ಳವನು, ಮೊಬೈಲಿನಲ್ಲಿ ಎಲ್ಲವನ್ನೂ ಮೊದಲೇ ಮುಗಿಸಿಬಿಟ್ಟರೆ ಬದುಕು ಸರಳವಾಗುತ್ತದೆ ಎಂದು ತಿಳಿದಿದ್ದವನು ಎಂದಷ್ಟೇ ಹೇಳಿದರೆ ಸಾಕು. ಆತ ಉದ್ಯಾನದ ಸಮೀಪದ ಒಂದು ಹೋಟೆಲಿನಲ್ಲಿ ಮೂರು ಕೋಣೆಗಳನ್ನು, ಮರಳಿ ಬಾರದ ಹಣ ಕಟ್ಟಿ, ಕಾದಿರಿಸಿದ್ದನು. ಉದ್ಯಾನದವರದೇ ಆದ 84 ಕೋಣೆಗಳ ರೆಸಾರ್ಟ್ ಉದ್ಯಾನದ ಪಕ್ಕದಲ್ಲಿಯೇ 2012ರಿಂದ ಇದೆಯಾದರೂ ಅದರ ದರವನ್ನು ಕಾಕಾನ ಕಿವಿಗೆ ಹಾಕುವ ಧೈರ್ಯ ಆತನಿಗೆ ಇರಲಿಲ್ಲ.

ರಾತ್ರಿ ಎಂಟಕ್ಕೆ ಹೊರಟ ಕ್ರೂಸರ್ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ದಾಟಿ, ನಾಲ್ಕುನೂರೈವತ್ತು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿ, ಎಲ್ಲ ಉತ್ತರ ಕರ್ನಾಟಕದ ಗಾಡಿಗಳಂತೆ ನಸುಕಿನ ಐದು ಗಂಟೆಗೆ ಬಿಡದಿಯನ್ನು ಮುಟ್ಟಿತು. ಹೋಟೆಲುಗಳ ಶಾಸ್ತ್ರದಲ್ಲಿ ದಿನ ಎಂಬುದು ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಹುಟ್ಟಿ ಮಾರನೆಯ ದಿನ ಹನ್ನೊಂದಕ್ಕೆ ಸಾಯುತ್ತದೆ. ಹಳೆಯ ಲಾಡ್ಜುಗಳ ಶಾಸ್ತ್ರದಲ್ಲಿ, ನೀವು ಬಂದ ಗಳಿಗೆಯಿಂದ ಇಪ್ಪತ್ನಾಲ್ಕು ತಾಸು. ಕಾಕಾ ಎರಡನೆಯ ಸಂಪ್ರದಾಯದವನು. ಐದಕ್ಕೆ ಬಂದವನಿಗೆ ಎರಡು ಗಂಟೆಗೆ ಖೋಲಿ ಸಿಗುತ್ತದೆ ಎಂದು ಕೇಳಿದಾಗ ಆತ ಸಿಟ್ಟಾಗಲಿಲ್ಲ, ಕೌಂಟರಿನ ಹುಡುಗನ ಮೇಲೆ ಕರುಣೆ ತೋರಿದನು. ‘ಇರ್ಲಿ ಬಿಡು ತಮ್ಮಾ. ಖೋಲಿ ಮೊದ್ಲ ತೋರ್ಸು.’

‘ಆನ್‌ಲೈನಲ್ಲಿ ಫೋಟೊ ನೋಡ್ಕೊಂಡೇ ಬುಕ್ ಮಾಡಿದೀರಲ್ಲ, ಯಜಮಾನ್ರೇ.’

‘ಫೋಟೊದಾಗ ವಾಸನಿ ಬರ್ತೈತೇನು?’

ಮಂಡ್ಯ ಕಡೆಯ ಆ ಹುಡುಗನ ಬಳಿ ಇದಕ್ಕೆ ಉತ್ತರವಿರಲಿಲ್ಲ. ತರಬೇತಿ ಕೊಟ್ಟವರು ಈ ಪ್ರಶ್ನೆಯನ್ನು ಊಹಿಸಿರಲಿಲ್ಲ. ಆತ ಕೀಲಿಕೈ ತೆಗೆದುಕೊಂಡು ಮುಂದೆ ನಡೆದನು. ಆತನ ಹಿಂದೆ ಕಾಕಾ, ಕಾಕಾನ ಹಿಂದೆ ಅಣ್ಣನ ಮಗ, ಆತನ ಹಿಂದೆ ಕುತೂಹಲದಿಂದ ಕೂಡಿದ ನಾಲ್ಕು ಮಕ್ಕಳು.

ಖೋಲಿ ನೋಡುವ ವಿಧಿಗೆ ಒಂದು ಕ್ರಮವಿದೆ. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಬಾರದು. ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರು ಒಳಗೆ ಎಳೆದುಕೊಳ್ಳಬೇಕು. ಇದರಿಂದ ಹಿಂದಿನ ಗಿರಾಕಿ ಸೇದಿದ ಸಿಗರೇಟು, ಒಣಗದ ಗೋಡೆ, ಅವೆರಡನ್ನೂ ಮುಚ್ಚಲು ಸಿಂಪಡಿಸಿದ ಸುವಾಸನೆ ಇವು ಮೂರೂ ಬೇರೆಬೇರೆಯಾಗಿ ತಿಳಿಯುತ್ತವೆ. ಅನಂತರ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕು. ಗಾದಿಯ ಮೇಲೆ ಅಂಗೈ ಊರಿ ಹತ್ತಿಯೋ ಸ್ಪಂಜೋ ಎಂಬುದನ್ನು ನಿರ್ಣಯಿಸಬೇಕು. ಜಯಧರ ಹತ್ತಿ ಬೆಳೆದ ಕೈಗೆ ಈ ವಿಷಯದಲ್ಲಿ ಮೋಸ ಮಾಡಲು ಯಾವ ಹೋಟೆಲಿಗೂ ಸಾಧ್ಯವಿಲ್ಲ. ಮಂಚದ ತಲೆಯ ಕಡೆ ಉತ್ತರಕ್ಕೆ ಬಂದಿದೆಯೇ ಎಂಬುದನ್ನು ಕಿಟಕಿಯಾಚೆಯ ಬೆಳಕಿನಿಂದ ಗೊತ್ತು ಮಾಡಿಕೊಳ್ಳಬೇಕು, ಬಂದಿದ್ದರೆ ಮಂಚ ತಿರುಗಿಸಲು ಎಷ್ಟು ಜನ ಬೇಕೆಂದು ಎಣಿಸಬೇಕು. ಕಿಟಕಿಯಿಂದ ಬಗ್ಗಿ ಪಕ್ಕದಲ್ಲಿ ಕಲ್ಯಾಣಮಂಟಪ ಇಲ್ಲವೆಂದೂ ಕೆಳಗೆ ಬಾರು ಇಲ್ಲವೆಂದೂ ಖಾತ್ರಿ ಮಾಡಿಕೊಳ್ಳಬೇಕು. ‘ಹೆಣ್ಮಕ್ಕಳ ಬಂದಾರ ನೋಡು’ ಎಂದು ಈ ಹಂತದಲ್ಲಿ ಸಣ್ಣ ದನಿಯಲ್ಲಿ ಹೇಳುವುದು ಪದ್ಧತಿ.

ಬಚ್ಚಲುಮನೆಯ ಪರೀಕ್ಷೆ ಬೇರೆಯೇ ಒಂದು ಅಧ್ಯಾಯ. ಅಜ್ಜಿಯ ಮೊಣಕಾಲಿಗೆ ಕಮೋಡ್ ಬೇಕು, ಕಾಕಾನ ಮನಸ್ಸಿಗೆ ನೆಲದ ಪಾಯಖಾನೆ ಬೇಕು, ಎರಡೂ ಒಂದೇ ಖೋಲಿಯಲ್ಲಿ ಇರುವ ಹೋಟೆಲು ಭೂಮಿಯ ಮೇಲೆ ಇನ್ನೂ ಕಟ್ಟಲ್ಪಟ್ಟಿಲ್ಲ. ಆದರೂ ಕೇಳುವುದು ಆತನ ಧರ್ಮ. ಬಿಸಿನೀರಿನ ನಳವನ್ನು ತಿರುಗಿಸಿ, ಕೈಯ ಹಿಂಬದಿಯನ್ನು ಒಡ್ಡಿ, ಆತ ಕಾದು ನಿಂತನು. ನೀರು ತಣ್ಣಗೆ ಬಂತು. ಇನ್ನೂ ಸ್ವಲ್ಪ ಹೊತ್ತು ತಣ್ಣಗೆ ಬಂತು. ಆರು ಗಂಟೆಯಿಂದ ಒಂಬತ್ತರವರೆಗೆ ಬಿಸಿ ಬರುತ್ತದೆ ಎಂದು ಹುಡುಗ ಹೇಳಿದನು. ‘ಹಂಗಾರ ಆರಕ್ಕ ನೋಡೂಣು’ ಎಂದು ಕಾಕಾ ಅಲ್ಲಿಯೇ, ಬಚ್ಚಲ ಬಾಗಿಲಲ್ಲಿ, ಧೋತರ ಎತ್ತಿ ಕಟ್ಟಿ ಕುಳಿತುಬಿಟ್ಟನು. ಗಡಿಯಾರ ಐದೂ ಇಪ್ಪತ್ತು ತೋರಿಸುತ್ತಿತ್ತು. ಈ ನಲವತ್ತು ನಿಮಿಷಗಳಲ್ಲಿ ಅಣ್ಣನ ಮಗ ತನ್ನ ಶಿಕ್ಷಣ, ತನ್ನ ಸಂಬಳ, ತನ್ನ ಮೊಬೈಲು ಇವುಗಳ ಪ್ರಯೋಜನವೇನು ಎಂಬ ವಿಚಾರದಲ್ಲಿ ಆಳವಾಗಿ ತೊಡಗಿದ್ದನೆಂದು ವಿಶ್ವಸನೀಯವಾಗಿ ತಿಳಿದುಬಂದಿದೆ.

ಆರಕ್ಕೆ ನೀರು ಬಿಸಿಯಾಗಿ ಬಂದದ್ದು ಕಾಕಾನಿಗೆ ಸಮಾಧಾನವನ್ನೇನೂ ಕೊಡಲಿಲ್ಲ, ಬದಲಿಗೆ ಒಂದು ಆಕ್ಷೇಪ ಕಡಿಮೆಯಾದ ನಷ್ಟವನ್ನು ಉಂಟುಮಾಡಿತು. ಆತ ಎದ್ದು, ರಸ್ತೆಯಲ್ಲಿರುವ ಉಳಿದ ಹೋಟೆಲುಗಳನ್ನೂ ಒಮ್ಮೆ ನೋಡಿ ಬರೋಣವೆಂದು ಸೂಚಿಸಿದನು. ಹಣ ಕಟ್ಟಿಯಾಗಿದೆ, ಮರಳಿ ಬರುವುದಿಲ್ಲ ಎಂಬ ಮಾತು ಆತನ ಕಿವಿಯನ್ನು ಮುಟ್ಟಿತಾದರೂ ಒಳಗೆ ಇಳಿಯಲಿಲ್ಲ, ಏಕೆಂದರೆ ನೋಡುವುದಕ್ಕೆ ರೊಕ್ಕ ಬೀಳುವುದಿಲ್ಲ ಎಂಬುದು ಆತನ ಅರ್ಥಶಾಸ್ತ್ರದ ಮೊದಲ ಸೂತ್ರ. ಒಂದು ಹೋಟೆಲಿನ ಮೆಟ್ಟಿಲುಗಳು ಕಡಿದಾಗಿದ್ದವು. ಇನ್ನೊಂದರ ಕೆಳಗೆ ಬಾರು ಇತ್ತು. ಮತ್ತೊಂದರಲ್ಲಿ ಎಲ್ಲವೂ ಸರಿಯಾಗಿದ್ದುದರಿಂದ ‘ಏನೋ ಐತಿ ಇಲ್ಲೆ’ ಎಂಬ ಸಂಶಯ ಹುಟ್ಟಿತು. ದಾರಿಯಲ್ಲಿ ಬಿಡದಿಯ ಪ್ರಸಿದ್ಧ ತಟ್ಟೆ ಇಡ್ಲಿಯನ್ನು ಎಲ್ಲರೂ ತಿಂದರು, ಅದರ ಬೆಲೆಗೂ ಗಾತ್ರಕ್ಕೂ ಕಾಕಾ ಪೂರ್ಣ ಅಂಕ ಕೊಟ್ಟನು. ಕೊನೆಗೆ ಮೊದಲಿನ ಹೋಟೆಲಿಗೇ ಮರಳಿ, ಕೌಂಟರಿನ ಮೇಲೆ ಮೊಣಕೈ ಊರಿ, ಆತ ಕೇಳಿದ ಪ್ರಶ್ನೆ ವಸತಿಗೃಹಗಳ ಇತಿಹಾಸದಲ್ಲಿ ದಾಖಲಾಗಬೇಕಾದದ್ದು: ‘ಕಟ್ಟಿದ ರೊಕ್ಕದಾಗ ಎಷ್ಟ ಬಿಡ್ತಿ?’

ನಿಜವಾದ ಸಂಘರ್ಷ ಆರಂಭವಾದದ್ದು ಎಷ್ಟು ಜನ ಎಂದು ಹುಡುಗ ಕೇಳಿದಾಗ. ‘ಇಬ್ಬರು ಹಿರ್ಯಾರು. ಉಳದಾವ್ರು ಎಲ್ಲಾ ಹುಡುಗೂರು’ ಎಂದು ಕಾಕಾ ಸರಾಗವಾಗಿ ಹೇಳಿದನು. ಈ ‘ಹುಡುಗರ’ ಪೈಕಿ ರಕ್ತದೊತ್ತಡದ ಮಾತ್ರೆ ನುಂಗುವ, ತಲೆ ಅರ್ಧ ಬೋಳಾದ ಅಣ್ಣನ ಮಗನೂ ಸೇರಿದ್ದನು. ಮೂರು ಖೋಲಿ ಬೇಡ, ಒಂದು ದೊಡ್ಡದು ಸಾಕು, ಎಲ್ಲರೂ ಅದರಲ್ಲಿಯೇ ಹಿಡಿಸುತ್ತೇವೆ ಎಂಬುದು ಕಾಕಾನ ಪ್ರಸ್ತಾವ. ಒಂದು ಕೋಣೆಗೆ ಮೂವರು ಮಾತ್ರ, ಹೆಚ್ಚಿನ ಹಾಸಿಗೆಗೆ ಬೇರೆ ದರ ಎಂಬುದು ಹುಡುಗನ ಉತ್ತರ. ‘ಗಾದಿ ನಮ್ಮದ ಐತಿ, ಜಾಗಾ ಅಷ್ಟ ಕೊಡು’ ಎಂದು ಕಾಕಾ ಜಮಖಾನೆಯ ಗಂಟನ್ನು ಕೌಂಟರಿನ ಮೇಲೆ ಇಟ್ಟನು.

ಈ ವಾದವನ್ನು ಹಳ್ಳಿಯ ಮೊಂಡುತನವೆಂದು ತಳ್ಳಿಹಾಕುವ ಮೊದಲು ಅಮೆರಿಕದ ಟೆನೆಸ್ಸಿ ರಾಜ್ಯದ ಕೆಮನ್ಸ್ ವಿಲ್ಸನ್ ಎಂಬ ಗೃಹಸ್ಥನ ಕಥೆಯನ್ನು ನೆನೆಯುವುದು ಸೂಕ್ತ. 1951ರಲ್ಲಿ ಹೆಂಡತಿ ಮತ್ತು ಐದು ಮಕ್ಕಳೊಡನೆ ರಾಜಧಾನಿ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೊರಟ ಈತನಿಂದ ದಾರಿಯ ತಂಗುಮನೆಗಳವರು ಪ್ರತಿ ಮಗುವಿಗೂ ಎರಡು ಡಾಲರ್ ಹೆಚ್ಚಿಗೆ ಕೇಳಿದರು. ಆತ ಸಿಟ್ಟಿನಿಂದ ಊರಿಗೆ ಮರಳಿ, 1952ರಲ್ಲಿ ಮೆಂಫಿಸ್ ನಗರದಲ್ಲಿ, ತಂದೆತಾಯಿಗಳ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ದರವಿಲ್ಲದ ಹೋಟೆಲನ್ನು ತಾನೇ ಕಟ್ಟಿಸಿದನು. ಜಗತ್ತಿನ ತುಂಬ ಹರಡಿದ ಹಾಲಿಡೇ ಇನ್ ಸಂಸ್ಥೆಯ ಹುಟ್ಟು ಅದು. ಕುಟುಂಬಸ್ನೇಹಿ ಹೋಟೆಲು ಎಂಬ ಕಲ್ಪನೆಯೇ ಒಬ್ಬ ಚೌಕಾಸಿಯ ಅಪ್ಪನ ಕೋಪದಿಂದ ಬೆಳೆದದ್ದು. ಮೂರು ವರ್ಷಗಳ ಅನಂತರ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ, ಉದ್ಯಾನಕ್ಕೇ ಹಣವೆಲ್ಲ ಸುರಿದಿದ್ದ ವಾಲ್ಟ್ ಡಿಸ್ನಿ ಪಕ್ಕದ ಹೋಟೆಲನ್ನು ಕಟ್ಟಲಾರದೆ ಜ್ಯಾಕ್ ರ್‍ಯಾದರ್ ಎಂಬ ದೂರದರ್ಶನ ನಿರ್ಮಾಪಕನಿಗೆ ಬಿಟ್ಟುಕೊಟ್ಟನು. ಆ ಹೋಟೆಲು 1955ರ ಅಕ್ಟೋಬರಿನಲ್ಲಿ ಆರಂಭವಾಯಿತು. ವಿಲ್ಸನ್ನನಿಗೂ ಕಾಕಾನಿಗೂ ಇರುವ ವ್ಯತ್ಯಾಸ ಸ್ವಭಾವದ್ದಲ್ಲ, ಬಂಡವಾಳದ್ದು.

ಹೋಟೆಲಿನವರ ಪಕ್ಷವನ್ನೂ ಹೇಳುವುದು ನ್ಯಾಯ. ಕೋಣೆಗೆ ಇಂತಿಷ್ಟೇ ಜನ ಎಂಬ ನಿಯಮದ ಹಿಂದೆ ನೀರಿನ ಟ್ಯಾಂಕಿನ ಅಳತೆ ಇದೆ, ಬೆಂಕಿ ಬಿದ್ದಾಗ ಮೆಟ್ಟಿಲಲ್ಲಿ ಇಳಿಯಬೇಕಾದವರ ಲೆಕ್ಕ ಇದೆ, ತಂಗುವ ದೊಡ್ಡವರೆಲ್ಲರ ಗುರುತಿನ ಚೀಟಿಯನ್ನು ದಾಖಲಿಸಿಕೊಳ್ಳಬೇಕಾದ ಹೊಣೆ ಇದೆ. ಕಾಕಾ ತನ್ನ ಲ್ಯಾಮಿನೇಶನ್ ಮಾಡಿಸಿದ ಆಧಾರ್ ಕಾರ್ಡೊಂದನ್ನೇ ಮುಂದಿಟ್ಟು, ‘ಇವ್ರೆಲ್ಲಾ ನಮ್ಮಾವ್ರ’ ಎಂದು ಕೈ ಬೀಸಿದರೆ ಠಾಣೆಯವರು ಒಪ್ಪುವುದಿಲ್ಲ. ತೆರಿಗೆಯ ವಿಷಯವೂ ಹಾಗೆಯೇ. ದಿನಕ್ಕೆ ಸಾವಿರ ರೂಪಾಯಿಯವರೆಗಿನ ಕೋಣೆಗಳಿಗೆ 2022ರ ಜುಲೈವರೆಗೆ ಜಿಎಸ್‌ಟಿ, ಅಂದರೆ ಸರಕು ಮತ್ತು ಸೇವಾ ತೆರಿಗೆ, ಇರಲಿಲ್ಲ; ಅನಂತರ ಶೇ 12ರಷ್ಟು ಬಂತು; 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿಯವರೆಗಿನ ಕೋಣೆಗಳಿಗೆ ಅದು ಶೇ 5ಕ್ಕೆ ಇಳಿಯಿತು. ಈ ಚರಿತ್ರೆಯ ಮೊದಲ ಹಂತ ಮಾತ್ರ ಕಾಕಾನ ನೆನಪಿನಲ್ಲಿ ಉಳಿದಿರುವುದರಿಂದ, ಬಿಲ್ಲಿನಲ್ಲಿ ಕಾಣುವ ತೆರಿಗೆ ಕೌಂಟರಿನ ಹುಡುಗ ತನ್ನ ಮದುವೆಯ ಖರ್ಚಿಗೆ ಕೂಡಿಸುತ್ತಿರುವ ಹಣವೆಂದೇ ಆತನ ಭಾವನೆ.

ಉದ್ಯಾನದೊಳಗಿನ ಕಾಕಾನ ವರ್ತನೆ ಹೆಚ್ಚಿನ ವಿವರಣೆಯನ್ನು ಬೇಡುವುದಿಲ್ಲ. ಬಸ್ಸಿನ ಅರ್ಧ ಟಿಕೆಟಿಗಾಗಿ ಮಕ್ಕಳ ವಯಸ್ಸನ್ನು ಎರಡು ವರ್ಷ ಹಿಂದಕ್ಕೆ ಸರಿಸುವ ವಿದ್ಯೆ ಇಲ್ಲಿ ನಡೆಯಲಿಲ್ಲ, ಏಕೆಂದರೆ ಅಲ್ಲಿ ವಯಸ್ಸನ್ನು ಕೇಳದೆ ಎತ್ತರವನ್ನು ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಗಿಡ್ಡವಿರುವ ಮಗುವಿಗೆ ಟಿಕೆಟಿಲ್ಲ, 140ರವರೆಗೆ ಮಕ್ಕಳ ದರ. ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲಲು ಕಾಕಾ ಸೂಚಿಸಿದ ಮೊಮ್ಮಗ ಅವಮಾನದಿಂದ ಇನ್ನಷ್ಟು ನೆಟ್ಟಗೆ ನಿಂತು ದೊಡ್ಡವರ ದರಕ್ಕೆ ಸೇರಿದನು. ನೀರಾಟಕ್ಕೆ ನೈಲಾನಿನಂಥ ಬಟ್ಟೆಯೇ ಬೇಕು, ಹತ್ತಿಯ ಬಟ್ಟೆಯಲ್ಲಿ ಇಳಿಯುವಂತಿಲ್ಲ ಎಂಬ ನಿಯಮವನ್ನು ಹತ್ತಿಯ ಸೀಮೆಯ ಮೇಲಿನ ಆರೋಪವಾಗಿ ಸ್ವೀಕರಿಸಿದ ಕಾಕಾ, ನೀರಿಗಿಳಿಯದೆ, ಎಲ್ಲರ ಚಪ್ಪಲಿ ಮತ್ತು ಮೊಬೈಲುಗಳನ್ನು ಕಾಯುತ್ತ ನೆರಳಿನಲ್ಲಿ ಕುಳಿತನು. ಹೊರಗಿನ ಊಟ ಒಳಗೆ ತರುವಂತಿಲ್ಲವಾದ್ದರಿಂದ ರೊಟ್ಟಿಯ ಗಂಟು ಕ್ರೂಸರಿನಲ್ಲಿಯೇ ಉಳಿದಿತ್ತು; ನಡುನಡುವೆ ಆತ ಅದನ್ನು ನೆನೆದು ನಿಟ್ಟುಸಿರು ಬಿಟ್ಟದ್ದನ್ನು ನೋಡಿದವರಿದ್ದಾರೆ. ಕೊಳದಲ್ಲಿ ಅಲೆಗಳು ಏಳುವ ಮುನ್ನ ಭೋಂಗಾ ಊದಿದಾಗ ಮಾತ್ರ ಆತ ಎದ್ದು ನಿಂತು ಮಕ್ಕಳ ತಲೆಗಳನ್ನು ಎಣಿಸುತ್ತಿದ್ದನು.

ಈ ಎಣಿಸುವ ಅಭ್ಯಾಸ ರಾತ್ರಿಯೂ ಮುಂದುವರಿಯಿತು. ಮೂರು ಕೋಣೆಗಳ ಬಾಡಿಗೆ ಕಟ್ಟಿದ್ದರೂ, ಊಟದ ನೆಪದಲ್ಲಿ ಎಲ್ಲರನ್ನೂ ಒಂದೇ ಕೋಣೆಗೆ ಕರೆದು, ರೊಟ್ಟಿಯ ಗಂಟು ಬಿಚ್ಚಿಸಿ, ಉಂಡ ಮೇಲೆ ಮಂಚವನ್ನು ಗೋಡೆಗೆ ಒತ್ತರಿಸಿ, ಉಳಿದ ಎರಡು ಕೋಣೆಗಳ ಗಾದಿಗಳನ್ನು ಮಧ್ಯರಾತ್ರಿಯ ಹೊತ್ತಿಗೆ ಎಳೆದು ತರಿಸಿ, ಕಾಕಾ ಎಲ್ಲರನ್ನೂ ಅಲ್ಲಿಯೇ ಮಲಗಿಸಿದನು. ಬೇಡವೆಂದು ಹೇಳಲು ಅಣ್ಣನ ಮಗ ಬಾಯಿ ತೆರೆದನಾದರೂ, ಅಷ್ಟರಲ್ಲಿ ಆತನ ಹೆಂಡತಿಯೇ ಅತ್ತೆಯ ಪಕ್ಕದಲ್ಲಿ ಜಾಗ ಹಿಡಿದು ಹಿಂದಿನ ಯಾವುದೋ ಜಾತ್ರೆಯ ಮಾತಿನಲ್ಲಿ ಮುಳುಗಿಯಾಗಿತ್ತು. ಖಾಲಿಬಿದ್ದ ಎರಡು ಖೋಲಿಗಳಿಗೆ ಕಾಕಾ ಮನೆಯಿಂದ ತಂದ ಹಿತ್ತಾಳೆಯ ಕೀಲಿಯನ್ನು ಹಾಕಲು ಯತ್ನಿಸಿದನು. ಆ ಬಾಗಿಲುಗಳಿಗೆ ಕೊಂಡಿಯೇ ಇಲ್ಲದ್ದು ಆತನಿಗೆ ಬಹಳ ಹೊತ್ತು ನಿದ್ದೆ ಕೊಡಲಿಲ್ಲ.

ಜಿಪುಣತನದಿಂದ ಇದನ್ನು ವಿವರಿಸಲಾಗದು, ಏಕೆಂದರೆ ಹಣ ಉಳಿಯಲಿಲ್ಲ. ವಿವರಣೆಯನ್ನು ಸವದತ್ತಿಯ ಆ ಮನೆಯಲ್ಲಿಯೇ ಕಾಣಬೇಕಾಗುತ್ತದೆ. ಹಿಂದೆ ಒಂದು ತಲಬಾಗಿಲು, ಒಂದು ಪಡಸಾಲೆ, ಒಂದು ಅಡುಗೆಮನೆ ಇದ್ದ ಆ ಮನೆ ಈಗ ಮೂರು ಪಾಲಾಗಿ, ಪಡಸಾಲೆಯ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದು, ಮೂರು ವಿದ್ಯುತ್ ಮೀಟರುಗಳು ಒಂದರ ಪಕ್ಕ ಒಂದು ತಿರುಗುತ್ತಿವೆ. ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ಎರಡೆರಡು ಕೋಣೆಗಳ ಬಾಡಿಗೆ ಮನೆಗಳನ್ನು ಹಿಡಿದಿದ್ದಾರೆ. ಪಾಲಿಗೆ ಬಂದ ಅರ್ಧ ಪಡಸಾಲೆಯಲ್ಲಿ ಕಾಕಾ ಒಬ್ಬನೇ ಮಲಗುತ್ತಾನೆ. ಪಾಲು ಮಾಡಬೇಕೆಂದು ಪಟ್ಟುಹಿಡಿದವರಲ್ಲಿ ನಗರದ ಅಣ್ಣನ ಮಗನೂ ಒಬ್ಬನಾಗಿದ್ದನು ಎಂಬ ಸಂಗತಿಯನ್ನು ಅಧ್ಯಯನದ ಪ್ರಾಮಾಣಿಕತೆಯ ದೃಷ್ಟಿಯಿಂದ ಇಲ್ಲಿ ಸೇರಿಸಬೇಕಾಗುತ್ತದೆ. ಆ ಮನೆತನದವರೆಲ್ಲ ಒಂದೇ ಸೂರಿನ ಕೆಳಗೆ ನಿದ್ದೆ ಮಾಡುವುದು ಈಗ ಇಂಥ ಪ್ರವಾಸಗಳಲ್ಲಿ ಮಾತ್ರ. ಹೋಟೆಲಿನವರು ಮಾರುವುದು ಬಾಗಿಲು ಮುಚ್ಚಿದ ಏಕಾಂತವನ್ನು. ಕಾಕಾ ನಾಲ್ಕುನೂರೈವತ್ತು ಕಿಲೋಮೀಟರ್ ಬಂದು ಹುಡುಕುವುದು ಅದರ ವಿರುದ್ಧವನ್ನು. ಇಬ್ಬರೂ ಒಂದೇ ಕೌಂಟರಿನಲ್ಲಿ ವ್ಯವಹಾರ ನಡೆಸುತ್ತಿರುವುದರಿಂದ ಚೌಕಾಸಿ ದೀರ್ಘವಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಕಾಕಾನನ್ನು ಸಂತನೆಂದು ಭಾವಿಸಬೇಕಾಗಿಲ್ಲ. ಆತನ ಗೊರಕೆ ಟ್ರ್ಯಾಕ್ಟರಿನ ಎಂಜಿನ್ನಿನಂತೆ ನಿಂತು ನಿಂತು ಮತ್ತೆ ಆರಂಭವಾಗುತ್ತದೆ. ಆರು ಗಂಟೆಗೆ ಬರುವ ಬಿಸಿನೀರು ತೀರಿಹೋದೀತೆಂಬ ಭಯದಿಂದ ನಾಲ್ಕೂವರೆಗೇ ಎಲ್ಲರನ್ನೂ ಎಬ್ಬಿಸಿ ಸಾಲು ಹಚ್ಚಿಸುತ್ತಾನೆ. ಬಿಟ್ಟು ಹೊರಡುವಾಗ ಬಚ್ಚಲ ಚಿಕ್ಕ ಸಾಬೂನುಗಳನ್ನು, ರೊಕ್ಕ ಕೊಟ್ಟದ್ದೆಂದು ಎಣಿಸಿ, ಮೂರೂ ಖೋಲಿಗಳಿಂದ ತಪ್ಪದೆ ತೆಗೆದುಕೊಳ್ಳುತ್ತಾನೆ. ಹಿಂದೆಯೇ ಕೌಂಟರಿನ ಹುಡುಗನನ್ನು ಕರೆದು, ಮೈಯಲ್ಲಿ ಹುಷಾರಿಲ್ಲದಂತೆ ಕಾಣುತ್ತೀ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಬೈದು, ಉಳಿದ ರೊಟ್ಟಿ ಮತ್ತು ಚಟ್ನಿಯ ಡಬ್ಬಿಯನ್ನು ಡಬ್ಬಿಯ ಸಮೇತ ಆತನ ಕೈಗಿಟ್ಟು, ಐದುನೂರು ರೂಪಾಯಿಯ ನೋಟೊಂದನ್ನು ಯಾರೂ ನೋಡದಂತೆ ಆತನ ಕಿಸೆಗೆ ತುರುಕುತ್ತಾನೆ. ಹಿಂದಿನ ದಿನ ಇನ್ನೂರು ರೂಪಾಯಿ ಬಿಡು ಎಂದು ಒಂದು ತಾಸು ವಾದಿಸಿದವನು ಇವನೇ. ಅಣ್ಣನ ಮಗನಿಗೆ ಈ ಲೆಕ್ಕ ಇಂದಿಗೂ ಹೊಂದಿಲ್ಲ.

ಇಂಥ ಕಾಕಾನೊಡನೆ ಮುಂದಿನ ರಜೆಗೆ ಬಿಡದಿಗೆ ಹೊರಡಲಿರುವ ಓದುಗರು ಹಣ ಕಟ್ಟುವ ಮೊದಲು ಹೋಟೆಲಿಗೆ ಫೋನು ಹಚ್ಚಿ, ನಸುಕಿನಲ್ಲಿ ಬಂದರೆ ಕೋಣೆ ಕೊಡುತ್ತಾರೆಯೇ, ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಕೆಳಗೆ ಬಾರು ಇದೆಯೇ, ಅಜ್ಜಿಗೆ ನೆಲಮಾಳಿಗೆಯಲ್ಲದ ಕೆಳ ಅಂತಸ್ತಿನ ಕೋಣೆ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮೊದಲು, ಹತ್ತು ಹನ್ನೆರಡು ಜನ ಒಟ್ಟಿಗೆ ಮಲಗುವಂಥ ಹಾಲ್ ಇದೆಯೇ ಎಂದು ವಿಚಾರಿಸಬೇಕು. ಇದೆ ಎಂದರೆ ದರ ಎಷ್ಟೇ ಇರಲಿ ಅದನ್ನೇ ಹಿಡಿಯಬೇಕು, ಮತ್ತು ಆ ದರವನ್ನು ಕಾಕಾನಿಗೆ ಅರ್ಧ ಮಾಡಿ ಹೇಳಬೇಕು.